ಸಹಾಯ ಬೇಕು: ಎರಡು ದೇಶಗಳ ಜೀವನಮಟ್ಟ ಹೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶಗಳ ಜೀವನಮಟ್ಟದ ಬಗ್ಗೆ ಲೇಖನ ಬರೆಯಲು ಕೂತು ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಸುಮ್ನೆ ತಲಾ ಆದಾಯವನ್ನು ಡಾಲರ್‌ಗೆ ಬದಲಾಯಿಸಿ ಪಟ್ಟಿ ಮಾಡಿದೆ. ಆಮೇಲೆ ಕ್ಷೌರದ ವಿಷಯ ತಲೆಗೆ ಬಂತು. ಅದೇ ಕತ್ತರಿ, ಅದೇ ಅರ್ಧ ಗಂಟೆ ಕೆಲಸ. ಆದರೆ ಶ್ರೀಮಂತ ದೇಶದಲ್ಲಿ ಒಂದು ಸಲಕ್ಕೆ ಕೊಡುವ ದುಡ್ಡಲ್ಲಿ ಬಡ ದೇಶದಲ್ಲಿ ಎಷ್ಟೋ ಸಲ ಕೂದಲು ಕತ್ತರಿಸಿಕೊಳ್ಳಬಹುದು! ಪಟ್ಟಿ ಹರಿದುಹಾಕಿ, ಪಿಪಿಪಿ ಅಂತಾರಲ್ಲ, ಆ ಕೊಳ್ಳುವ ಶಕ್ತಿಯ ಲೆಕ್ಕ ಹಿಡಿದೆ.

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವನ್ನೂ ನೋಡಿದೆ. 1990ರಲ್ಲಿ ಶುರುವಾದದ್ದು. ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸುತ್ತದೆ. ಚೆನ್ನಾಗಿದೆ, ಆದರೆ ಅದೂ ಸರಾಸರಿಯೇ ಅಲ್ವಾ? ಒಬ್ಬನ ಹತ್ತಿರ ನೂರು, ಒಂಬತ್ತು ಜನರ ಕೈ ಖಾಲಿ ಇದ್ದರೂ ಸರಾಸರಿ ಹತ್ತು.

ಜಾಸ್ತಿ ತಲೆ ತಿನ್ನುತ್ತಿರುವುದು ಲೆಕ್ಕಕ್ಕೇ ಸಿಗದ ಕೆಲಸ. ಮಗುವನ್ನು ಅಜ್ಜಿ ನೋಡಿಕೊಂಡರೆ ಜಿಡಿಪಿಗೆ ಒಂದು ಕಾಸೂ ಸೇರುವುದಿಲ್ಲ. ದುಡ್ಡು ಕೊಟ್ಟು ಬೇರೆಯವರ ಹತ್ತಿರ ಬಿಟ್ಟರೆ ಜಿಡಿಪಿ ಏರುತ್ತದೆ. ಮಗು ಮಾತ್ರ ಅದೇ!

ಇಂಥ ಸಂಬಳವಿಲ್ಲದ ಕೆಲಸ, ಬಿಡುವಿನ ಸಮಯ, ಇವನ್ನು ಹೋಲಿಕೆಗೆ ತರಲು ಯಾವ ಅಂಕಿಅಂಶ ನಂಬಬಹುದು? ಸಮಯ ಬಳಕೆಯ ಸಮೀಕ್ಷೆಗಳ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.