ಕನ್ನಡ ಕ್ಲಾಸಿನಲ್ಲಿ ಕಾಮಿಕ್ಸ್ ಮಾಡಿಸಿದರೆ ಮಕ್ಕಳು ಬರೆಯುತ್ತಾರಾ, ಬರೀ ಬಣ್ಣ ತುಂಬುತ್ತಾರಾ?

ಬನಶಂಕರಿ ಮಿಸ್:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಏಳನೇ ಕ್ಲಾಸಿಗೆ ದ್ವಿತೀಯ ಭಾಷೆ ಕನ್ನಡ ಹೇಳಿಕೊಡುತ್ತೇನೆ. ತುಂಬಾ ಮಕ್ಕಳ ಮನೆಮಾತು ತೆಲುಗು, ತಮಿಳು, ಹಿಂದಿ. 2015ರ ಕನ್ನಡ ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ ಓದಲೇಬೇಕು, ಓದುತ್ತಾರೆ, ಮಾರ್ಕ್ಸೂ ತೆಗೆಯುತ್ತಾರೆ. ಆದರೆ ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಅಂದರೆ ಗೈಡಿನ ಪ್ರಬಂಧವೇ ಇಳಿಯುತ್ತದೆ. ಅದಕ್ಕೇ ಕಾಮಿಕ್ಸ್ ಮಾಡಿಸೋಣ ಅಂತ ಇದ್ದೇನೆ. ಪೀರಿಯಡ್ 40 ನಿಮಿಷ. ಚಿತ್ರ ಬರುವ ಇಬ್ಬರು ಬಣ್ಣ ಹಚ್ಚುತ್ತಾ ಕೂತು, ಮಿಕ್ಕವರು ಹರಟೆ ಹೊಡೆದರೆ ಏನು ಮಾಡುವುದು? ಇನ್ನೊಂದು, ಪಾತ್ರಗಳ ಮಾತು ಬರೆಯುವ ಬಲೂನಿನೊಳಗೆ 'ಬರ್ತೀನಿ, ಹೋಗ್ತೀನಿ' ಅಂತ ಬರೆದರೆ ತಿದ್ದಬೇಕಾ, ಬಿಡಬೇಕಾ? ನಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ತಿದ್ದಲೇಬೇಕು ಅನ್ನುತ್ತಾರೆ.

ಮಲ್ಲೇಶ್ವರದ ಮೇಷ್ಟ್ರು:
ಮೊದಲನೇ ದಿನ ಚಿತ್ರದ ಸುದ್ದಿಯೇ ಬೇಡ ಮೇಡಂ. ಹಳೇ ಕಾಮಿಕ್ಸಿನ ಒಂದು ಪುಟದಲ್ಲಿ ಬಲೂನಿನ ಮಾತಿಗೆಲ್ಲ ವೈಟ್ನರ್ ಹಚ್ಚಿ, ಜೆರಾಕ್ಸ್ ಮಾಡಿಸಿ ಬೆಂಚಿಗೊಂದು ಕೊಡಿ. ಮುಖ ನೋಡಿಕೊಂಡು ಮಾತು ತುಂಬಲಿ. ಒಂದೇ ಪುಟಕ್ಕೆ ಬೆಂಚಿಗೊಂದು ಕಥೆ ಹುಟ್ಟುತ್ತದೆ. ಆಮೇಲೆ ಚೌಕಗಳನ್ನು ಕತ್ತರಿಸಿ ಕಲಸಿ ಪಕ್ಕದ ಬೆಂಚಿಗೆ ಕೊಡಿ. ಜೋಡಿಸಿ ಕಥೆ ಹೇಳುವಾಗ 'ಅಷ್ಟರಲ್ಲಿ', 'ಆದರೂ', 'ಅದಕ್ಕೇ' ಎಲ್ಲ ತಾವಾಗೇ ಬೇಕಾಗುತ್ತವೆ.

ಸ್ವಂತದ್ದು ಮಾಡಿಸುವಾಗ ನಾಲ್ಕೇ ಚೌಕ, ಕಡ್ಡಿ ಗೊಂಬೆ, ಪೆನ್ಸಿಲ್ ಮಾತ್ರ. ಇಬ್ಬರಿಬ್ಬರ ಜೋಡಿ ಮಾಡಿ, ಪ್ರತಿ ಚೌಕಕ್ಕೂ ಬರೆಯುವವರು, ಬಿಡಿಸುವವರು ಅದಲುಬದಲಾಗಲಿ. ಬಣ್ಣ ಮನೆಯಲ್ಲಿ. ಮುಖ್ಯವಾಗಿ ಮಾತನ್ನು ಮೊದಲು ಬರೆಸಿ, ಬಲೂನನ್ನು ಆಮೇಲೆ ಅದರ ಸುತ್ತ ಎಳೆಸಿ. ಉಲ್ಟಾ ಮಾಡಿದರೆ ಕನ್ನಡಕ್ಕೆ ಜಾಗ ಸಾಲುವುದಿಲ್ಲ. ಇಂಗ್ಲಿಷ್ ಕಾಮಿಕ್ಸಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ನಮ್ಮ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. 'ಹೋಗಬೇಕಾಗಿತ್ತಲ್ಲ' ಅಂತ ಒಂದೇ ಪದ ಬರೆದರೂ ಸಾಕು, ಅರ್ಧ ಬಲೂನು ತುಂಬಿಹೋಗುತ್ತದೆ. ಐದಾರು ಪದ ಮೀರಬಾರದು ಅಂತ ಮೊದಲೇ ಹೇಳಿಬಿಡಿ. ಜಾಗ ಕಮ್ಮಿ ಇದ್ದರೆ ಮಕ್ಕಳು ಪದ ಆರಿಸುತ್ತಾರೆ, ಪ್ರಬಂಧದಲ್ಲಿ ಹಾಳೆ ತುಂಬಿಸುತ್ತಾರೆ, ಅಷ್ಟೇ.

ದಡಾರ್:
ಮೇಷ್ಟ್ರು ಸದ್ದಿನ ವಿಷಯ ಬಿಟ್ಟುಬಿಟ್ಟರು. 'ಬೂಮ್', 'ಕ್ರ್ಯಾಶ್' ಬ್ಯಾನ್ ಮಾಡಿ. ಬಾಗಿಲು ದಡಾರ್, ಗಾಜು ಫಳ್, ಮಳೆ ಜಿಟಿಜಿಟಿನಾ ಧೋ ಅಂತಾನಾ, ಅವರೇ ತೀರ್ಮಾನಿಸಲಿ. ವ್ಯಾಕರಣದ ಪುಸ್ತಕದಲ್ಲಿ ಅನುಕರಣಾವ್ಯಯ ಅಂತ ಉರು ಹೊಡೆಸುತ್ತೇವಲ್ಲ, ಅದೇ ಇದು. ಭಾವಸೂಚಕವೂ ಹಾಗೇ: ಅಯ್ಯೋ, ಅಬ್ಬಾ, ಛೇ ಮೂರಕ್ಕೂ ಬೇರೆ ಬೇರೆ ಮುಖ ಬಿಡಿಸಬೇಕು.

ಹಳೇ ಪೇಪರ್:
ಓದುವುದಕ್ಕೆ ಚೆನ್ನಾಗಿದೆ. ಪರೀಕ್ಷೆಯಲ್ಲಿ ಕಾಮಿಕ್ಸ್ ಕೇಳಲ್ಲ. ಎರಡು ಪೀರಿಯಡ್ ಇದಕ್ಕೇ ಹೋದರೆ ಪೋರ್ಷನ್ ಯಾರು ಮುಗಿಸುತ್ತಾರೆ? ಅದೂ ಅಲ್ಲದೆ 'ಬರ್ತೀನಿ' ಅಂತ ಬರೆದು ಅಭ್ಯಾಸವಾದ ಹುಡುಗ ಉತ್ತರಪತ್ರಿಕೆಯಲ್ಲೂ ಅದನ್ನೇ ಬರೆಯುತ್ತಾನೆ. ನಿಮ್ಮ ಎಚ್‌ಒಡಿ ಹೇಳಿದ್ದು ಸರಿ.

ಕಾಟನ್‌ಪೇಟೆ ಹುಡುಗಿ:
@ಹಳೇ ಪೇಪರ್ ಸರ್, ಪೋರ್ಷನ್ ವಿಷಯ ಒಪ್ಪುತ್ತೇನೆ, ಎರಡನೆಯದು ಒಪ್ಪಲ್ಲ. ಕಾಮಿಕ್ಸಿನಲ್ಲಿ ಬಲೂನಿನ ಜೊತೆಗೆ ಮೇಲಿನ ಚೌಕಟ್ಟೂ ಇರುತ್ತದೆ, ಕಥೆ ಹೇಳುವವರ ಮಾತಿಗೆ. ನಿಯಮ ಸರಳ: ಬಲೂನಿನಲ್ಲಿ ಆಡುಮಾತು, ಚೌಕಟ್ಟಿನಲ್ಲಿ ಬರವಣಿಗೆಯ ಕನ್ನಡ. ಮೆಟ್ರೋ ದೃಶ್ಯ ಕೊಡಿ. 'ಮುಂದಿನ ನಿಲ್ದಾಣ' ಅನ್ನುವ ಅನೌನ್ಸ್‌ಮೆಂಟ್ ಚೌಕಟ್ಟಿಗೆ, 'ಸ್ವಲ್ಪ ಸರೀರಿ, ಇಳೀಬೇಕು' ಬಲೂನಿಗೆ. ಒಂದೇ ಹಾಳೆಯಲ್ಲಿ ಎರಡೂ ಬರೆದ ಮಗುವಿಗೆ ಯಾವುದು ಎಲ್ಲಿ ಅಂತ ಗೊತ್ತಾಗುತ್ತದೆ. ಹುಬ್ಬಳ್ಳಿ ಅಜ್ಜಿ 'ಏನ್ ಮಾಡಾಕತ್ತೀಯೋ' ಅನ್ನದೆ 'ಏನು ಮಾಡುತ್ತಿರುವೆ' ಅಂದರೆ ಯಾರಾದರೂ ನಂಬುತ್ತಾರಾ?

ಮನೆಯಲ್ಲಿ ಕನ್ನಡ ಇಲ್ಲದ ಮಕ್ಕಳಿಗೆ ಕಷ್ಟ ಇರುವುದು ನೀನು-ನೀವುನಲ್ಲಿ. ಬಿಎಂಟಿಸಿ ಕಂಡಕ್ಟರ್‌ಗೆ 'ಚಿಲ್ಲರೆ ಕೊಡು' ಅಂತ ಬರೆದುಬಿಡುತ್ತಾರೆ. ಎದುರಿಗೆ ಯಾರಿದ್ದಾರೆ ಅಂತ ಚಿತ್ರದಲ್ಲೇ ಕಾಣುವುದರಿಂದ ಪಕ್ಕದವರೇ 'ಕೊಡಿ ಅನ್ನೋ' ಅಂತ ತಿದ್ದುತ್ತಾರೆ, ನಾವು ಬಾಯಿ ಹಾಕಬೇಕಾಗಿಲ್ಲ.

ಟ್ರಿನಿಟಿ ಸರ್ಕಲ್:
ಎಂ.ಜಿ. ರೋಡ್ ಪಕ್ಕದ ಮಿಡ್‌ಫೋರ್ಡ್ ಹೌಸಿನಲ್ಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಮಾತಿಲ್ಲದ ಕಾರ್ಟೂನ್ ಸಿಕ್ಕರೆ ಅದಕ್ಕೊಂದು ಸಾಲು ಬರೆಯಲು ಹೇಳಿ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಬಾಯೇ ಬಿಡಲ್ಲ, ಸುಮ್ನೆ ನೋಡುತ್ತಾ ನಿಂತಿರುತ್ತಾನೆ. ಅವನ ತಲೆ ಮೇಲೆ ಮೋಡದ ಬಲೂನ್ ಹಾಕಿ, ಏನು ಯೋಚನೆ ಮಾಡುತ್ತಿರಬಹುದು ಅಂತ ಕೇಳಿ. ಅಂದಹಾಗೆ ಅಮರ ಚಿತ್ರ ಕಥೆ ಕೂಡ 1965ರಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲೇ, ಕನ್ನಡದಲ್ಲೇ. ಮೊದಲು ಬಂದವು ವಿದೇಶಿ ಕಥೆಗಳಿಗೆ ಕನ್ನಡ ಮಾತು ಕೊಟ್ಟ ಕಾಮಿಕ್ಸ್. ಮೇಷ್ಟ್ರ ವೈಟ್ನರ್ ಐಡಿಯಾಗೂ ಅದಕ್ಕೂ ಜಾಸ್ತಿ ದೂರ ಇಲ್ಲ.

ಬನಶಂಕರಿ ಮಿಸ್:
ಎಲ್ಲರಿಗೂ ಥ್ಯಾಂಕ್ಸ್. ಬಲೂನು-ಚೌಕಟ್ಟಿನ ನಿಯಮ ತೋರಿಸಿದರೆ ಎಚ್‌ಒಡಿ ಒಪ್ಪಬಹುದು. ಸೋಮವಾರ ವೈಟ್ನರ್ ಹಾಳೆಯಿಂದ ಶುರು ಮಾಡುತ್ತೇನೆ. ಮಾರ್ಕ್ಸ್ ಹೇಗೆ ಹಾಕುತ್ತೀರಿ?

ಮಲ್ಲೇಶ್ವರದ ಮೇಷ್ಟ್ರು:
ಹತ್ತಕ್ಕೆ. ಬಲೂನಿನ ಮಾತು ಆ ಪಾತ್ರದ ಬಾಯಲ್ಲಿ ಸಹಜವಾಗಿದ್ದರೆ ನಾಲ್ಕು, ಚೌಕಟ್ಟಿನ ವಾಕ್ಯ ತಪ್ಪಿಲ್ಲದಿದ್ದರೆ ನಾಲ್ಕು, ಕಥೆ ಮುಗಿದಿದ್ದರೆ ಎರಡು. ಚಿತ್ರಕ್ಕೆ ಏನೂ ಇಲ್ಲ. ಇದನ್ನು ಮೊದಲೇ ಬೋರ್ಡ್ ಮೇಲೆ ಬರೆದುಬಿಡಿ, ಬಣ್ಣದ ಡಬ್ಬಿ ಬ್ಯಾಗಿನಿಂದ ಹೊರಗೆ ಬರಲ್ಲ.