ಗ್ಯಾಟ್ಸ್ ಪಟ್ಟಿಯ ‘ನನ್’ ಮತ್ತು ‘ಅನ್‌ಬೌಂಡ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

1995ರ ಜನವರಿಯಲ್ಲಿ ಜಾರಿಗೆ ಬಂದ ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದದಡಿ, ಅಂದರೆ ಗ್ಯಾಟ್ಸ್‌ನಡಿ, ವಿಶ್ವ ವ್ಯಾಪಾರ ಸಂಸ್ಥೆಯ ಪ್ರತಿ ಸದಸ್ಯ ದೇಶವೂ ಯಾವ ಸೇವೆಯನ್ನು ಹೊರಗಿನವರಿಗೆ ಎಷ್ಟರಮಟ್ಟಿಗೆ ತೆರೆಯುತ್ತದೆ ಎಂಬುದನ್ನು ಪಟ್ಟಿ ಮಾಡಿ ಕೊಟ್ಟಿದೆ. ಈ ಪಟ್ಟಿಗಳಲ್ಲಿ ‘ನನ್’ (None) ಮತ್ತು ‘ಅನ್‌ಬೌಂಡ್’ (Unbound) ಎಂಬ ಎರಡು ಇಂಗ್ಲಿಷ್ ಪದಗಳು ಮತ್ತೆ ಮತ್ತೆ ಬರುತ್ತವೆ. ಅಂಕಣದ ತಲೆಬರಹವೇ ‘ಮಾರುಕಟ್ಟೆ ಪ್ರವೇಶದ ಮೇಲಿನ ಮಿತಿಗಳು’ ಎಂದಿರುವುದರಿಂದ ‘ನನ್’ ಎಂದರೆ ಯಾವ ಮಿತಿಯೂ ಇಲ್ಲ, ಬಾಗಿಲು ಪೂರ್ತಿ ತೆರೆದಿದೆ ಎಂದರ್ಥ. ‘ಅನ್‌ಬೌಂಡ್’ ಎಂದರೆ ಆ ದೇಶ ಯಾವ ಮಾತನ್ನೂ ಕೊಟ್ಟಿಲ್ಲ, ನಾಳೆ ಯಾವ ನಿರ್ಬಂಧವನ್ನಾದರೂ ಹೇರಬಹುದು ಎಂದರ್ಥ. ಇವನ್ನು ಕ್ರಮವಾಗಿ ‘ಇಲ್ಲ’, ‘ಅನಿರ್ಬಂಧಿತ’ ಎಂದು ಕನ್ನಡಿಸಿದರೆ ಮುಚ್ಚಿದ್ದು ತೆರೆದಂತೆಯೂ ತೆರೆದದ್ದು ಮುಚ್ಚಿದಂತೆಯೂ ಓದಿಸಿಕೊಳ್ಳುತ್ತದೆ.

ಇದು ಬರಿಯ ಪದದ ತಕರಾರಲ್ಲ. ಸೇವೆ ಒದಗಿಸಲು ಒಪ್ಪಂದ ಗುರುತಿಸುವ ನಾಲ್ಕು ವಿಧಾನಗಳಲ್ಲಿ ಮೂರನೆಯದು ವಿದೇಶಿ ಕಂಪನಿ ಇಲ್ಲಿಗೇ ಬಂದು ಶಾಖೆ ತೆರೆಯುವುದು, ನಾಲ್ಕನೆಯದು ವ್ಯಕ್ತಿಯೇ ತಾತ್ಕಾಲಿಕವಾಗಿ ಗಡಿ ದಾಟಿ ಸೇವೆ ಒದಗಿಸುವುದು. ಬಹುಪಾಲು ಪಟ್ಟಿಗಳಲ್ಲಿ ನಾಲ್ಕನೆಯದರ ಎದುರು ‘ಅನ್‌ಬೌಂಡ್’ ಎಂದು ಬರೆದು, ಕಂಪನಿಯೊಳಗೇ ವರ್ಗವಾಗುವ ವ್ಯವಸ್ಥಾಪಕರು, ತಜ್ಞರು ಮೊದಲಾದವರಿಗೆ ಮಾತ್ರ ವಿನಾಯಿತಿ ಕೊಡಲಾಗಿದೆ. ಬಂಡವಾಳಕ್ಕೆ ಸಿಕ್ಕ ದಾರಿ ದುಡಿಯುವವರಿಗೆ ಸಿಗದಿರುವುದು ಎದ್ದು ಕಾಣುವುದು ಈ ಒಂದು ಪದದಲ್ಲಿ. ಒಮ್ಮೆ ಕೊಟ್ಟ ಮಾತನ್ನು ಹಿಂತೆಗೆಯಬೇಕಾದರೆ, 21ನೆಯ ವಿಧಿಯ ಪ್ರಕಾರ, ಬಾಧಿತ ದೇಶಗಳೊಡನೆ ಪರಿಹಾರದ ಮಾತುಕತೆ ನಡೆಸಬೇಕು. ಹಾಗಾಗಿ ಬಡ ದೇಶದ ಸರ್ಕಾರಕ್ಕೆ ‘ಅನ್‌ಬೌಂಡ್’ ಎಂಬುದು ಮುಂದೆ ಕಾನೂನು ಮಾಡುವ ಸ್ವಾತಂತ್ರ್ಯವನ್ನು ಉಳಿಸಿಕೊಡುವ ಪದವೂ ಹೌದು.

ಪಟ್ಟಿಯ ಪದಕ್ಕೆ ಎಷ್ಟು ತೂಕವಿದೆ ಎಂಬುದನ್ನು ಆಂಟಿಗುವಾ ಮತ್ತು ಬಾರ್ಬುಡಾ ಅಮೆರಿಕದ ವಿರುದ್ಧ ಹೂಡಿದ ಆನ್‌ಲೈನ್ ಜೂಜಿನ ವ್ಯಾಜ್ಯ ತೋರಿಸಿತು. ಅಮೆರಿಕ ತನ್ನ ಪಟ್ಟಿಯಲ್ಲಿ ಮನರಂಜನಾ ಸೇವೆಗಳಿಂದ ಹೊರಗಿಟ್ಟ ‘ಸ್ಪೋರ್ಟಿಂಗ್’ (ಕ್ರೀಡಾ) ಎಂಬುದರಲ್ಲಿ ಜೂಜೂ ಸೇರುತ್ತದೆಂದು ವಾದಿಸಿತು. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಅದನ್ನು ಒಪ್ಪಲಿಲ್ಲ. ನಿಘಂಟಿನ ಅರ್ಥವೊಂದರಿಂದಲೇ ಇದು ತೀರ್ಮಾನವಾಗದೆಂದು ಹೇಳಿ, ಪಟ್ಟಿ ತಯಾರಿಕೆಯ ಕಾಲದ ಮಾರ್ಗದರ್ಶಿ ದಾಖಲೆಗಳನ್ನು ಆಧರಿಸಿ ತೀರ್ಪಿತ್ತಿತು.

‘ನನ್’ಗೆ ‘ಮಿತಿಯಿಲ್ಲ’ ಸಾಕೆಂದು ನನ್ನ ಅಭಿಪ್ರಾಯ. ‘ಅನ್‌ಬೌಂಡ್’ಗೆ ‘ಅಬದ್ಧ’ ವ್ಯಾಕರಣದ ದೃಷ್ಟಿಯಿಂದ ಸರಿಯಾದರೂ ಕನ್ನಡದಲ್ಲಿ ಅದು ಸುಳ್ಳು, ಅಸಂಗತ ಎಂಬರ್ಥದಲ್ಲೇ ರೂಢಿಯಾಗಿದೆ. ‘ಬದ್ಧತೆಯಿಲ್ಲ’ ಎಂದರೆ ನಿಷ್ಠೆಯಿಲ್ಲದವರೆಂಬ ದೂರು ಕೇಳಿಸುತ್ತದೆ. ‘ವಚನವಿಲ್ಲ’ ಎಂಬುದನ್ನು ಬಳಸಬಹುದೇ, ಅಥವಾ ಕಾನೂನು ಬರಹದಲ್ಲಿ ಪಳಗಿದವರ ಬಳಿ ಇದಕ್ಕಿಂತ ಸೂಕ್ತವಾದ ಪದವಿದೆಯೇ?