ಪಾರ್ಕ್ ತಿರುವಿನಲ್ಲಿ ಮಾಲಿ ಅಣ್ಣನಿಗೆ ಕಾರು ಗುದ್ದಿದೆ: ಯಾರ ಮನೆ ಕ್ಯಾಮೆರಾದಲ್ಲಿ ಸಿಕ್ಕಿದೆ?

ಪಾರ್ಕ್ ಎದುರು ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಸುಮಾರು ಮನೆಗಳ ಗಿಡ ನೋಡಿಕೊಳ್ಳುವ ಮಾಲಿ ಅಣ್ಣ ನಿನ್ನೆ ಬೆಳಿಗ್ಗೆ ಸೈಕಲ್‌ನಲ್ಲಿ ಬರುವಾಗ ಪಾರ್ಕ್ ತಿರುವಿನಲ್ಲಿ ಕಾರು ಗುದ್ದಿದೆ. ಬಲಗಾಲು ಮುರಿದಿದೆ. ಇವತ್ತು ಆಪರೇಷನ್, ರಾಡ್ ಹಾಕುತ್ತಾರಂತೆ. ಅಲ್ಲಿ ಪೈಪ್ ಹಾಕಲು ಅಗೆದು ಹಾಗೇ ಬಿಟ್ಟಿದ್ದಾರಲ್ಲ, ಆ ಗುಂಡಿ ತಪ್ಪಿಸಲು ಅವರು ರಸ್ತೆ ನಡುವಿಗೆ ಬಂದಿದ್ದರು, ಕಾರಿನವರು ತಿರುವಿನಲ್ಲೂ ಸ್ಪೀಡ್ ಕಡಿಮೆ ಮಾಡಲಿಲ್ಲ. ಗುದ್ದಿದ ಮೇಲೆ ನಿಲ್ಲಿಸಿದರು, ಐದು ಸಾವಿರ ಕೈಗಿಟ್ಟು ನಂಬರ್ ಕೊಟ್ಟು ಹೋದರು. ನಾನೇ ಆಸ್ಪತ್ರೆಗೆ ಸೇರಿಸಿದೆ. ಗಾಡಿಯ ಫೋಟೋ ನನ್ನ ಹತ್ತಿರ ಇದೆ. ಪೊಲೀಸ್ ಕಂಪ್ಲೇಂಟ್ ಇನ್ನೂ ಆಗಿಲ್ಲ. ಏನು ಮಾಡೋಣ ಹೇಳಿ.

2ನೇ ಮೇನ್, ಮೂಲೆ ಮನೆ:
ಅಯ್ಯೋ ಪಾಪ. ಸೋಮವಾರ ನಮ್ಮ ಮನೆಗೇ ಬಂದಿದ್ದರು. ಖರ್ಚಿಗೆ ಎಲ್ಲರೂ ಸೇರಿ ಸ್ವಲ್ಪ ಸ್ವಲ್ಪ ಹಾಕೋಣ್ವಾ?

ಬಿ ಬ್ಲಾಕ್ ಅಪಾರ್ಟ್‌ಮೆಂಟ್:
ದುಡ್ಡು ಹಾಕೋಣ, ನಾನೂ ಕೊಡುತ್ತೇನೆ. ಆದರೆ ಪೊಲೀಸ್, ಕೋರ್ಟ್ ಅಂತ ಹೋದರೆ ವರ್ಷಗಟ್ಟಲೆ ಅಲೆಯಬೇಕು. ಕಾರಿನವರು ಓಡಿಹೋಗಿಲ್ಲ, ಮರ್ಯಾದಸ್ಥರ ಹಾಗೆ ಕಾಣುತ್ತಾರೆ. ಕರೆಸಿ ಮಾತಾಡಿ ಒಂದು ಮೊತ್ತಕ್ಕೆ ಮುಗಿಸುವುದು ಒಳ್ಳೆಯದು. ಇನ್ನೊಂದು ವಿಷಯ, ಸೈಕಲ್‌ನವರಿಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಹೆಲ್ಮೆಟ್ ಕೂಡ ಇರಲಿಲ್ಲ. ಕೇಸ್ ನಿಲ್ಲುತ್ತಾ?

4ನೇ ಕ್ರಾಸ್, ಲಾಯರ್ ಮನೆ:
ನಿಲ್ಲುತ್ತೆ ಸರ್, ಚೆನ್ನಾಗೇ ನಿಲ್ಲುತ್ತೆ. ಇನ್ಶೂರೆನ್ಸ್ ಇರಬೇಕಾದ್ದು ಕಾರಿಗೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದೇ ರಸ್ತೆಯಲ್ಲಿ ಪೆಟ್ಟು ತಿನ್ನುವ ಇಂಥವರಿಗಾಗಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ನೋಡಿ. ಸೈಕಲ್ ತುಳಿಯಲು ಲೈಸೆನ್ಸ್ ಬೇಕಿಲ್ಲ. ಹೆಲ್ಮೆಟ್ ಕಡ್ಡಾಯ ಎನ್ನುವ 129ನೇ ಸೆಕ್ಷನ್ ಬೈಕ್, ಸ್ಕೂಟರ್‌ಗೆ. ಅದೂ ಅಲ್ಲದೆ ಮುರಿದಿರುವುದು ಕಾಲು, ಹೆಲ್ಮೆಟ್ ಹಾಕಿದ್ದರೆ ಕಾಲು ಉಳಿಯುತ್ತಿತ್ತಾ?

ಮಾತಾಡಿ ಮುಗಿಸುವ ವಿಷಯ. ರಾಡ್ ಹಾಕಿದ ಕಾಲು ಅಂದರೆ ತಿಂಗಳುಗಟ್ಟಲೆ ಕೆಲಸ ಇಲ್ಲ, ಆಮೇಲೆ ರಾಡ್ ತೆಗೆಯಲು ಇನ್ನೊಂದು ಆಪರೇಷನ್ ಬರಬಹುದು. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಕೆಲಸ ಅವರದು, ಮತ್ತೆ ಹಾಗೆ ಕೂರಲು ಆಗುತ್ತದೋ ಇಲ್ಲವೋ ಈಗಲೇ ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಇವತ್ತೇ ಒಂದು ಮೊತ್ತ ಅಂತ ಹೇಗೆ ಹೇಳುತ್ತೀರಿ? ಕಾರಿನವರು ಒಳ್ಳೆಯವರೇ ಇರಲಿ. ಕಂಪ್ಲೇಂಟ್ ಆದರೆ ಪರಿಹಾರ ಕೊಡುವುದು ಅವರ ಇನ್ಶೂರೆನ್ಸ್ ಕಂಪನಿ, ಅವರ ಜೇಬಿನಿಂದ ಹೋಗುವುದಿಲ್ಲ. ಇದನ್ನು ಅವರಿಗೂ ಬಿಡಿಸಿ ಹೇಳಿ.

ಪಾರ್ಕ್ ಎದುರಿನ ಸರ್, ನಂಬರ್ ಪ್ಲೇಟ್ ಫೋಟೋ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ದಾಖಲೆ, ಮಾಡಿದ್ದಾರಾ? ಕೇಸ್ ಶೀಟ್‌ನಲ್ಲಿ ಗಾಯ ಹೇಗಾಯಿತು ಅಂತ ಏನು ಬರೆದಿದ್ದಾರೆ, ಇವತ್ತೇ ಓದಿಸಿ.

ಪಾರ್ಕ್ ಎದುರು ಮನೆ:
ಮೇಡಂ, ನೀವು ಕೇಳಿದ್ದು ಒಳ್ಳೆಯದಾಯಿತು. 'ಸೈಕಲ್‌ನಿಂದ ಬಿದ್ದು' ಅಂತ ಇದೆ. ಕಾರಿನ ಹೆಸರೇ ಇಲ್ಲ. ಗಡಿಬಿಡಿಯಲ್ಲಿ ಅವರ ಹೆಂಡತಿ 'ಸೈಕಲ್‌ನಿಂದ ಬಿದ್ದುಬಿಟ್ಟರು' ಅಂದರಂತೆ, ಡ್ಯೂಟಿ ಡಾಕ್ಟರ್ ಹಾಗೇ ಬರೆದುಕೊಂಡಿದ್ದಾರೆ.

4ನೇ ಕ್ರಾಸ್, ಲಾಯರ್ ಮನೆ:
ಇದೇ ನೋಡಿ ದೊಡ್ಡ ತೊಂದರೆ. ನಾಳೆ ಇನ್ಶೂರೆನ್ಸ್ ಕಡೆ ವಕೀಲರು ಮೊದಲು ಎತ್ತಿ ತೋರಿಸುವುದು ಈ ಒಂದು ಸಾಲು. 'ಅವರೇ ಬಿದ್ದರು, ಆಮೇಲೆ ಕಾರು ಸೇರಿಸಿದ್ದಾರೆ' ಅನ್ನುತ್ತಾರೆ. ಗಾಯಾಳುವಿಗೆ ಪ್ರಜ್ಞೆ ಇದೆಯಲ್ಲ, ಅವರ ಬಾಯಿಂದಲೇ ಡಾಕ್ಟರಿಗೆ ಹೇಳಿಸಿ. ಹಳೆಯ ಸಾಲನ್ನು ಹೊಡೆದುಹಾಕಿಸಬೇಡಿ, ತಿದ್ದಿದ ದಾಖಲೆ ಇನ್ನೂ ಕಷ್ಟ. ಕೆಳಗೆ ಹೊಸದಾಗಿ ದಿನಾಂಕ, ಸಮಯ ಹಾಕಿ, ಗಾಯಾಳು ಹೀಗೆ ಹೇಳಿದ್ದಾರೆ ಅಂತ ಬರೆಯಲಿ. ಎಂಎಲ್‌ಸಿ ಮಾಡಿ ಠಾಣೆಗೆ ತಿಳಿಸಲು ಕೇಳಿ.

ಕಂಪ್ಲೇಂಟ್ ಇವತ್ತೇ ಆಗಲಿ. ಅವರು ಮಲಗಿದ್ದಾರೆ ಅಂತ ಕಾಯಬೇಕಿಲ್ಲ, ಕಣ್ಣಾರೆ ನೋಡಿದ ನೀವೇ ಕೊಡಬಹುದು. ಎರಡು ದಿನ ತಡವಾದರೆ ಕೇಸ್ ಬಿದ್ದುಹೋಗುವುದಿಲ್ಲ, ಎಫ್‌ಐಆರ್ ತಡ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಯಾಕೆ ತಡ ಅಂತ ಒಂದು ಸಾಲು ಬರೆಯಿರಿ. ಈಗ ಐಪಿಸಿ ಇಲ್ಲ, ಭಾರತೀಯ ನ್ಯಾಯ ಸಂಹಿತೆ. ಅಡ್ಡಾದಿಡ್ಡಿ ಚಾಲನೆಗೆ 281, ಮೂಳೆ ಮುರಿದಂಥ ತೀವ್ರ ಗಾಯಕ್ಕೆ 125(ಬಿ). ಸೆಕ್ಷನ್ ಹಾಕುವುದು ಪೊಲೀಸರ ಕೆಲಸ, ನೀವು ನಡೆದದ್ದನ್ನು ನಡೆದ ಹಾಗೆ ಬರೆದರೆ ಸಾಕು. ಎಫ್‌ಐಆರ್ ಪ್ರತಿ ಉಚಿತ, ಇಸ್ಕೊಂಡೇ ಬನ್ನಿ.

ಟೈಲರ್ ಅಂಗಡಿ ಮೇಲಿನ ಮನೆ:
ಮೇಡಂ, ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ? ಹಿಂದೆ ನಮ್ಮ ಮಾವನ ಕೇಸಲ್ಲಿ ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಆಡಿಸಿದ್ದರು.

4ನೇ ಕ್ರಾಸ್, ಲಾಯರ್ ಮನೆ:
ಅದೇ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ನಮ್ಮ ವ್ಯಾಪ್ತಿ ಅಲ್ಲ ಎಂದರೆ ಜೀರೋ ಎಫ್‌ಐಆರ್ ಕೇಳಿ, ಅಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್. ನಾನೂ ಜೊತೆಗೆ ಬರುತ್ತೇನೆ, ಸಂಜೆ 5ಕ್ಕೆ.

ಪೊಲೀಸರಿಗೂ ಈಗ ಗಡುವು ಇದೆ. 2022ರಿಂದ ಬಂದ ನಿಯಮದ ಪ್ರಕಾರ 48 ಗಂಟೆಯಲ್ಲಿ ಮೊದಲ ಅಪಘಾತ ವರದಿ ಪರಿಹಾರ ತೀರ್ಮಾನಿಸುವ ಅಪಘಾತ ನ್ಯಾಯಮಂಡಳಿಗೂ ಇನ್ಶೂರೆನ್ಸ್ ಕಂಪನಿಗೂ ಹೋಗಬೇಕು, 10 ದಿನದೊಳಗೆ ಗಾಯಾಳುವಿಗೆ ಅವರ ಹಕ್ಕುಗಳ ವಿವರದ ಹಾಳೆ ಕೊಡಬೇಕು, 90 ದಿನದಲ್ಲಿ ಪೂರ್ತಿ ವರದಿ. ಇದನ್ನು ಮೆಲ್ಲಗೆ ನೆನಪಿಸಿದರೆ ಕೆಲಸ ಸ್ವಲ್ಪ ಬೇಗ ಆಗುತ್ತದೆ.

ಸಂಘದ ಕಾರ್ಯದರ್ಶಿ:
ನಾನು ಪಾಲಿಕೆ ಎಂಜಿನಿಯರ್‌ಗೆ ಫೋನ್ ಮಾಡಿ ಜೋರು ಮಾಡಿದ್ದೇನೆ. ಇಷ್ಟು ದಿನ ತಲೆ ಹಾಕದವರು ಈಗ ನಾಳೆ ಬೆಳಿಗ್ಗೆಯೇ ಗುಂಡಿ ಮುಚ್ಚಿಸುತ್ತೇವೆ ಅಂದಿದ್ದಾರೆ!

4ನೇ ಕ್ರಾಸ್, ಲಾಯರ್ ಮನೆ:
ಸರ್, ಮುಚ್ಚಲಿ, ಬೇಡ ಅನ್ನುವುದಿಲ್ಲ, ಇನ್ನೊಬ್ಬರು ಬೀಳಬಾರದು. ಆದರೆ ಇವತ್ತು ಬೆಳಕಿರುವಾಗಲೇ ಫೋಟೋ, ವಿಡಿಯೋ ಆಗಲಿ. ಗುಂಡಿಗೆ ಅಡ್ಡವಾಗಿ ಟೇಪ್ ಹಿಡಿದು ಅಗಲ ತೋರಿಸಿ. ಉಳಿದ ರಸ್ತೆ ಎಷ್ಟು ಅಗಲ ಅದನ್ನೂ ತೆಗೆಯಿರಿ. ದೂರದಿಂದ ಒಂದು, ಪಾರ್ಕ್ ಗೇಟ್ ಕಾಣುವ ಹಾಗೆ. ಯಾಕೆ ಅಂದರೆ 'ಸೈಕಲ್‌ನವನು ರಸ್ತೆ ನಡುವೆ ಬಂದ, ಅರ್ಧ ತಪ್ಪು ಅವನದೇ' ಅಂತ ವಾದ ಬಂದೇ ಬರುತ್ತದೆ. ನ್ಯಾಯಮಂಡಳಿ ಒಪ್ಪಿದರೆ ಅಷ್ಟು ಪಾಲು ಪರಿಹಾರದಲ್ಲಿ ಕಡಿತ. ಗುಂಡಿ ಇತ್ತು, ಬೇರೆ ದಾರಿ ಇರಲಿಲ್ಲ ಅಂತ ತೋರಿಸಲು ನಾಳೆ ಗುಂಡಿಯೇ ಇರುವುದಿಲ್ಲವಲ್ಲ! ಪೊಲೀಸರು ಸ್ಥಳ ಮಹಜರ್‌ಗೆ ಬಂದಾಗ ನಕ್ಷೆಯಲ್ಲಿ ಗುಂಡಿಯನ್ನು ಸೇರಿಸುವಂತೆ ಹೇಳಿ, ಮುಚ್ಚಿದ್ದರೂ ಜಾಗ ತೋರಿಸಿ. ಸೈಕಲ್ ಎಲ್ಲಿದೆ?

ಪಾರ್ಕ್ ಎದುರು ಮನೆ:
ನಮ್ಮ ಗೇಟ್ ಒಳಗೆ ಇಟ್ಟಿದ್ದೇನೆ. ಹಿಂದಿನ ಚಕ್ರ ಪೂರ್ತಿ ಸೊಟ್ಟ.

4ನೇ ಕ್ರಾಸ್, ಲಾಯರ್ ಮನೆ:
ರಿಪೇರಿಗೆ ಕೊಡಬೇಡಿ. ಹಿಂದಿನ ಚಕ್ರ ಸೊಟ್ಟ ಅಂದರೆ ಹಿಂದಿನಿಂದ ಗುದ್ದಿದ್ದು ಅಂತ ಅದೇ ಹೇಳುತ್ತದೆ. ಪೊಲೀಸರು ನೋಡಲಿ. ಸೈಕಲ್ ನಷ್ಟವನ್ನೂ ಕ್ಲೇಮ್‌ನಲ್ಲಿ ಸೇರಿಸಬಹುದು.

ಬಿ ಬ್ಲಾಕ್ ಅಪಾರ್ಟ್‌ಮೆಂಟ್:
ನಂಬರ್ ನನಗೂ ಬಂತು, ಗಾಡಿ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಸರಿ ಮೇಡಂ, ಕಂಪ್ಲೇಂಟ್ ಆಗಲಿ, ನನ್ನ ಅಡ್ಡಿ ಇಲ್ಲ. ಇನ್ಶೂರೆನ್ಸ್ ಇಲ್ಲದ ಗಾಡಿ ಆಗಿದ್ದರೆ?

4ನೇ ಕ್ರಾಸ್, ಲಾಯರ್ ಮನೆ:
ಆಗ ಮಾಲೀಕರೇ ಕೊಡಬೇಕು, ವಸೂಲಿ ಮಾಡುವುದು ಕಷ್ಟ. ಗಾಡಿ ಸಿಗದೇ ಹೋಗಿದ್ದರೆ ಹಿಟ್ ಅಂಡ್ ರನ್ ಯೋಜನೆ ಇದೆ, ತೀವ್ರ ಗಾಯಕ್ಕೆ 50 ಸಾವಿರ, ಸಾವಾದರೆ 2 ಲಕ್ಷ. ನಮ್ಮ ಕೇಸ್‌ಗೆ ಅದು ಬೇಡ.

ಪಾರ್ಕ್ ಎದುರು ಮನೆ:
ಈಗಷ್ಟೇ ಆಸ್ಪತ್ರೆಯಿಂದ ಫೋನ್. ಕಾರಿನವರ ಕಡೆಯವರು ಒಬ್ಬರು ಬಂದು 25 ಸಾವಿರ ಕೊಡುತ್ತೇವೆ, 'ನನ್ನದೇ ತಪ್ಪು, ಮುಂದೆ ಯಾವ ಕ್ಲೇಮ್ ಇಲ್ಲ' ಅಂತ ಬರೆದು ಸಹಿ ಹಾಕಿ ಅನ್ನುತ್ತಿದ್ದಾರಂತೆ. ಅವರ ಹೆಂಡತಿಗೆ ಕೈಯಲ್ಲಿ ಕಾಸಿಲ್ಲ, ಆಸ್ಪತ್ರೆಯವರು ಅಡ್ವಾನ್ಸ್ ಕೇಳುತ್ತಿದ್ದಾರೆ.

4ನೇ ಕ್ರಾಸ್, ಲಾಯರ್ ಮನೆ:
ಸಹಿ ಬೇಡ!! ಹೆಬ್ಬೆಟ್ಟೂ ಬೇಡ. ಯಾರಾದರೂ ಒಬ್ಬರು ಈಗಲೇ ಆಸ್ಪತ್ರೆಗೆ ಹೋಗಿ ಅವರ ಪಕ್ಕ ಕೂರಿ.

ಅಡ್ವಾನ್ಸ್ ಬಗ್ಗೆ: 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಯಲ್ಲಿದೆ. ಮೋಟಾರು ವಾಹನದಿಂದ ಅಪಘಾತವಾದ ಯಾರಿಗೇ ಆಗಲಿ, ಅಪಘಾತದ ದಿನದಿಂದ 7 ದಿನದವರೆಗೆ ಒಂದೂವರೆ ಲಕ್ಷದ ತನಕ. ನಿಗದಿಯಾದ ಆಸ್ಪತ್ರೆ ಆಗಿರಬೇಕು, ಪೊಲೀಸರಿಂದ ಅಪಘಾತ ಹೌದು ಅಂತ ಖಚಿತವಾಗಬೇಕು. ಈಗ ಗೊತ್ತಾಯಿತಲ್ಲ, 'ಬಿದ್ದು' ಅಂತ ಬರೆದದ್ದು ಎಷ್ಟು ಕಡೆ ಕಾಲಿಗೆ ತೊಡರುತ್ತದೆ ಅಂತ. ಬಿಲ್ಲಿಂಗ್ ಕೌಂಟರ್‌ನಲ್ಲಿ ಯೋಜನೆಯ ಹೆಸರು ಹೇಳಿ ಕೇಳಿ, ಸುಮ್ನೆ 'ಸ್ಕೀಮ್ ಇದೆಯಾ' ಅಂದರೆ ಇಲ್ಲ ಅಂತಾರೆ.

2ನೇ ಮೇನ್, ಮೂಲೆ ಮನೆ:
ನನ್ನ ಮಗ ಹೊರಟ, ಹದಿನೈದು ನಿಮಿಷದಲ್ಲಿ ಅಲ್ಲಿರುತ್ತಾನೆ. ಅಡ್ವಾನ್ಸ್‌ಗೆ ಸದ್ಯಕ್ಕೆ ನಾವೇ ಸೇರಿಸಿ ಕೊಡೋಣ, ಆಮೇಲೆ ನೋಡೋಣ.

ಟೈಲರ್ ಅಂಗಡಿ ಮೇಲಿನ ಮನೆ:
ನಾನೂ ನೋಡಿದ್ದೇನೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಹೇಳಿಕೆ ಕೊಟ್ಟರೆ ಠಾಣೆ ಮೆಟ್ಟಿಲು ಹತ್ತುತ್ತಾ ಇರಬೇಕಾ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.

4ನೇ ಕ್ರಾಸ್, ಲಾಯರ್ ಮನೆ:
ನೆರವಾದವರನ್ನು ಕಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಸೆಕ್ಷನ್ ಇದೆ. ಅದು ಬರುವ ಮೊದಲೇ ನಮ್ಮ ರಾಜ್ಯವೇ ಇದಕ್ಕೊಂದು ಕಾನೂನು ಮಾಡಿತು. ಆಸ್ಪತ್ರೆಗೆ ಸೇರಿಸಿದವರು ಹೆಸರು ಕೊಡಲೇಬೇಕು ಅಂತಿಲ್ಲ. ಆದರೆ ಆಂಟಿ, ಮುಚ್ಚುಮರೆ ಬೇಡ. ಸಾಕ್ಷಿಯಾಗಲು ಒಪ್ಪಿದರೆ ಪೊಲೀಸರಿಗೆ ಒಮ್ಮೆ ಹೇಳಿಕೆ, ಮುಂದೆ ಬಹುಶಃ ಕೋರ್ಟಿಗೆ ಬರುವುದು ಇರುತ್ತದೆ. ಮಹಡಿಯಿಂದ ಪೂರ್ತಿ ನೋಡಿದವರು ನೀವು. ನಿಮ್ಮ ಒಂದು ಮಾತಿಗೆ ತುಂಬಾ ಬೆಲೆ ಇದೆ. ಮನೆಯವರ ಹತ್ತಿರ ನಾನು ಬೇಕಾದರೆ ಮಾತಾಡುತ್ತೇನೆ.

ಸಂಘದ ಕಾರ್ಯದರ್ಶಿ:
ಪರಿಹಾರ ಅಂದಾಜು ಎಷ್ಟು ಬರಬಹುದು? ಅವರಿಗೆ ಸಂಬಳದ ಚೀಟಿ ಇಲ್ಲ, ಬ್ಯಾಂಕಿಗೂ ಹಾಕಲ್ಲ, ಎಲ್ಲಾ ಕೈಗೇ ಕೊಡುತ್ತೇವೆ.

4ನೇ ಕ್ರಾಸ್, ಲಾಯರ್ ಮನೆ:
ಮೊತ್ತ ಹೇಳಿ ಆಸೆ ಹುಟ್ಟಿಸುವುದಿಲ್ಲ. ಆದರೆ ಸಂಬಳದ ಚೀಟಿ ವಿಷಯದಲ್ಲಿ ಈ ಗುಂಪು ಮಾಡಬೇಕಾದ ಕೆಲಸ ಇದೆ. ಅವರನ್ನು ಕರೆಸುವ ಪ್ರತಿ ಮನೆಯವರೂ ಒಂದು ಹಾಳೆಯಲ್ಲಿ ಬರೆದುಕೊಡಿ: ಎಷ್ಟು ವರ್ಷದಿಂದ ಬರುತ್ತಾರೆ, ವಾರಕ್ಕೆ ಎಷ್ಟು ಸಲ, ತಿಂಗಳಿಗೆ ಏನು ಕೊಡುತ್ತೀರಿ. ಸಹಿ, ವಿಳಾಸ. ಯುಪಿಐನಲ್ಲಿ ಯಾವಾಗಲಾದರೂ ಹಾಕಿದ್ದರೆ ಅದರ ಸ್ಕ್ರೀನ್‌ಶಾಟ್. ಜಾಸ್ತಿ ಮಾಡಿ ಬರೆಯಬೇಡಿ ಮಾತ್ರ. ಒಂದು ಮನೆಯದು ಸುಳ್ಳು ಅಂತ ಗೊತ್ತಾದರೆ ಉಳಿದವರದ್ದೂ ಹೋಯಿತು. ಆದಾಯಕ್ಕೆ ಏನೂ ಪುರಾವೆ ಇಲ್ಲದಿದ್ದರೆ ನ್ಯಾಯಮಂಡಳಿ ತಾನೇ ಒಂದು ಅಂದಾಜು ಹಿಡಿಯುತ್ತದೆ, ಸಾಮಾನ್ಯವಾಗಿ ಅದು ನಿಜಕ್ಕಿಂತ ಕಡಿಮೆಯೇ.

ಇನ್ನೊಂದು. ಡಾಕ್ಟರು ಮುಂದೆ ಕಾಲಿಗೆ ಇಷ್ಟು ಪರ್ಸೆಂಟ್ ಊನ ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ದುಡಿಮೆಗೆ ಆದ ನಷ್ಟ ಅಷ್ಟೇ ಅಂತ ಅಲ್ಲ. ಅವರವರ ಕೆಲಸಕ್ಕೆ ಆ ಊನ ಎಷ್ಟು ಅಡ್ಡಿ ಅಂತ ನೋಡಬೇಕು, ಇದು 2010ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಮೇಜಿನ ಮುಂದೆ ಕೂರುವ ನನಗೆ ಕಾಲು ಸ್ವಲ್ಪ ಮಡಚದಿದ್ದರೆ ನಡೆಯುತ್ತದೆ. ಅವರಿಗೆ? ಹಾಗಾಗಿ ನೀವು ಕೊಡುವ ಹಾಳೆಯಲ್ಲಿ ಏನೇನು ಕೆಲಸ ಮಾಡುತ್ತಿದ್ದರು, ಏಣಿ ಹತ್ತಿ ತೆಂಗಿನ ಗರಿ ಕಡಿಯುವುದು, ಪಾಟ್ ಎತ್ತುವುದು, ಎಲ್ಲಾ ಬರೆಯಿರಿ.

ಬಿಲ್‌ಗಳು, ಎಕ್ಸ್‌ರೇ, ಆಟೋ ಖರ್ಚು, ಔಷಧಿ ಅಂಗಡಿ ಚೀಟಿ, ನೋಡಿಕೊಳ್ಳಲು ಹೆಂಡತಿ ಕೆಲಸ ಬಿಟ್ಟ ದಿನಗಳು, ಒಂದು ಫೈಲ್ ಮಾಡಿ ಹಾಕುತ್ತಾ ಹೋಗಿ.

ಬಿ ಬ್ಲಾಕ್ ಅಪಾರ್ಟ್‌ಮೆಂಟ್:
ತಪ್ಪು ಯಾರದು ಅಂತ ನೋಡದೇ ಎರಡೂವರೆ ಲಕ್ಷ ಕೊಡುತ್ತಾರಂತಲ್ಲ, ಅದನ್ನೇ ತಗೊಂಡರೆ ಬೇಗ ಮುಗಿಯಲ್ವಾ?

4ನೇ ಕ್ರಾಸ್, ಲಾಯರ್ ಮನೆ:
ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್, ಹೌದು, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಬೇಗ ಸಿಗಬಹುದು. ಆದರೆ ಅದನ್ನು ಒಪ್ಪಿಕೊಂಡರೆ 166ರ ಅಡಿ ನ್ಯಾಯಮಂಡಳಿಯಲ್ಲಿ ಹಾಕಿದ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಕಾಲು ಎಷ್ಟು ಸರಿಹೋಗುತ್ತದೆ ಅಂತ ಗೊತ್ತಾಗುವ ಮೊದಲು ಆ ಕಡೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಿರ್ಧಾರ ಅವರದು, ನಮ್ಮದಲ್ಲ. ಎರಡನ್ನೂ ಬಿಡಿಸಿ ಹೇಳೋಣ. 166ರ ಅರ್ಜಿಗೆ ಅಪಘಾತದಿಂದ ಆರು ತಿಂಗಳು ಅಂತ ಕಾಯ್ದೆಯಲ್ಲಿದೆ, ಕೊನೆ ವಾರದವರೆಗೆ ಕಾಯುವುದು ಬೇಡ.

ಫೀಸ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಆಸ್ಪತ್ರೆ ಬಾಗಿಲಲ್ಲೇ ಬಂದು ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವರು ಇದ್ದಾರೆ. ನನ್ನದು ಆಸ್ತಿ ವ್ಯಾಜ್ಯ, ನಾನು ಈ ಕೇಸ್ ನಡೆಸುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಬಹುದು.

ಸಂಘದ ಕಾರ್ಯದರ್ಶಿ:
ರಸ್ತೆ ಅಗೆದವರನ್ನು ಹಾಗೇ ಬಿಡೋದಾ?

4ನೇ ಕ್ರಾಸ್, ಲಾಯರ್ ಮನೆ:
ಬಿಡುವುದು ಬೇಡ, ಆದರೆ ಅದು ಬೇರೆ ಫೈಲ್. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳೋಣ: ಅಗೆಯಲು ಯಾರಿಗೆ ಅನುಮತಿ ಕೊಟ್ಟಿರಿ, ಯಾವ ದಿನಾಂಕದೊಳಗೆ ಮುಚ್ಚಬೇಕಿತ್ತು, ಬ್ಯಾರಿಕೇಡ್ ಯಾರ ಹೊಣೆ. 30 ದಿನದಲ್ಲಿ ಉತ್ತರ ಕೊಡಬೇಕು. ರಸ್ತೆ ಕೆಲಸದಲ್ಲಿ ಸುರಕ್ಷತಾ ಮಾನದಂಡ ಪಾಲಿಸದ ಅಧಿಕಾರಿ, ಗುತ್ತಿಗೆದಾರರಿಗೆ ಅದೇ ಮೋಟಾರು ವಾಹನ ಕಾಯ್ದೆಯ 198ಎ ಅಡಿ ಒಂದು ಲಕ್ಷದವರೆಗೆ ದಂಡ ಇದೆ. ಉತ್ತರ ಬರಲಿ, ಆಮೇಲೆ ಸಂಘದ ಲೆಟರ್‌ಹೆಡ್‌ನಲ್ಲಿ ದೂರು.

ಪಾರ್ಕ್ ಎದುರು ಮನೆ:
ಎಫ್‌ಐಆರ್ ಆಯಿತು, ಪ್ರತಿ ಕೈಯಲ್ಲಿದೆ. ಡಾಕ್ಟರೂ ಹೊಸದಾಗಿ ಬರೆದುಕೊಟ್ಟರು, ಒಳ್ಳೆಯ ಮನುಷ್ಯ. ಸಹಿ ಕೇಳಲು ಬಂದವರು ಮೂಲೆ ಮನೆ ಹುಡುಗನನ್ನು ನೋಡಿ ಹೊರಟುಹೋದರಂತೆ. ಈಗ ಕ್ಯಾಮೆರಾ ಒಂದೇ ಬಾಕಿ. ನಾಳೆ ಪೊಲೀಸರು ಮಹಜರ್‌ಗೆ ಬರುತ್ತಾರೆ. ನಿಮ್ಮ ಕ್ಯಾಮೆರಾದ ರೆಕಾರ್ಡರ್ (ಡಿವಿಆರ್) ತುಂಬಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುವ ಮೊದಲು ನಿನ್ನೆ ಬೆಳಿಗ್ಗೆ 6ರಿಂದ 7ರ ಭಾಗ ಕಾಪಿ ಮಾಡಿ ಇಟ್ಟುಕೊಳ್ಳಿ. ಕತ್ತರಿಸಿ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಪೂರ್ತಿ ಫೈಲ್ ಪೆನ್‌ಡ್ರೈವ್‌ಗೆ ಹಾಕಿ.

1ನೇ ಕ್ರಾಸ್, ನೀಲಿ ಗೇಟ್ ಮನೆ:
ನಮ್ಮ ಕ್ಯಾಮೆರಾ ತಿರುವಿನ ಕಡೆ ಇಲ್ಲ, ಗೇಟ್ ಮುಂದೆ ಮಾತ್ರ ಕಾಣುತ್ತೆ. ಅದು ಬೇಕಾ?

4ನೇ ಕ್ರಾಸ್, ಲಾಯರ್ ಮನೆ:
ಬೇಕು. ಕಾರು ನಿಮ್ಮ ಗೇಟ್ ದಾಟಿಯೇ ತಿರುವಿಗೆ ಹೋಗಬೇಕು. ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ಹೋಯಿತು ಅಂತ ಗೊತ್ತಾಗುತ್ತದೆ. ಕ್ಯಾಮೆರಾ ಗಡಿಯಾರ ಹಿಂದೆ ಮುಂದೆ ಇದ್ದರೆ ಸರಿಮಾಡಲು ಹೋಗಬೇಡಿ, ಎಷ್ಟು ವ್ಯತ್ಯಾಸ ಇದೆ ಅಂತ ಒಂದು ಚೀಟಿಯಲ್ಲಿ ಬರೆದು ಪೆನ್‌ಡ್ರೈವ್ ಜೊತೆ ಕೊಡಿ.

1ನೇ ಕ್ರಾಸ್, ನೀಲಿ ಗೇಟ್ ಮನೆ:
ಆರು ನಿಮಿಷ ಮುಂದೆ ಇದೆ. ಬರೆದಿಡುತ್ತೇನೆ. ಪೆನ್‌ಡ್ರೈವ್ ಇಲ್ಲ, ಯಾರ ಹತ್ತಿರ ಇದೆ?

ಬಿ ಬ್ಲಾಕ್ ಅಪಾರ್ಟ್‌ಮೆಂಟ್:
ನನ್ನ ಹತ್ತಿರ ಇದೆ, ಕೆಳಗೆ ಬರುತ್ತಿದ್ದೇನೆ. ಸಂಬಳದ ಹಾಳೆಗಳನ್ನೂ ನಮ್ಮ ಸೆಕ್ಯೂರಿಟಿ ಹತ್ತಿರ ಕೊಡಿ, ನಾನು ಒಟ್ಟು ಮಾಡಿ ಮೇಡಂಗೆ ತಲುಪಿಸುತ್ತೇನೆ.